ಕಡಲೆಹಿಟ್ಟು

"ಕಪ್ಪು ಹೆಂಗಸಿಗೆ ಯಾರು ವೋಟ್ ಹಾಕ್ತಾರೆ? ಮನೇಲಿ ದಿನಾ ಬಡ್ಕೋತಿದ್ದೆ!" ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶ ತೋರಿಸುತ್ತಿದ್ದ ಟಿವಿಯತ್ತ ಕೈಬೀಸಿ, ಸ್ವೀಡನ್ನಿನ ತನ್ನ ಮನೆಯಲ್ಲಿ ರಘುನಾಥ ಕಿರುಚಿದ.

"ಅವಳಮ್ಮ ನಮ್ಮ ಸೌತ್‌ನವರು ಅಂತ ನಿಮ್ಮ ಆಫೀಸಲ್ಲೆಲ್ಲಾ ಕೊಚ್ಕೊಂಡವರು ನೀವೇ ತಾನೆ?" ಸ್ಟೂಲಿನ ಮೇಲೆ ಕೂತ ಮಗಳ ಕೆನ್ನೆಗೆ ಆರತಿ ಕಡಲೆಹಿಟ್ಟು, ಮೊಸರು ಕಲಸಿ ಬಳಿಯುತ್ತಿದ್ದಳು. ಪ್ರತಿ ವಾರವೂ ತಪ್ಪದ ಕೆಲಸ.

"ಅಮ್ಮ ನಮ್ಮವಳಾದ್ರೆ ಏನು? ಬಣ್ಣ ಅಪ್ಪಂದು."

"ಇವಳಿಗೂ ಅಪ್ಪನ ಬಣ್ಣಾನೇ ಬಂದಿದೆ, ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗ್ತಿದೆ!" ಆರತಿಯ ಬೆರಳುಗಳು ಇನ್ನಷ್ಟು ಬಿರುಸಾದವು. ಒಂಬತ್ತರ ಇಂಚರ ಕಣ್ಣು ಮುಚ್ಚಿ ಕೂತಿದ್ದಳು.

ರಘುನಾಥನಿಗೆ ಆಗ ನೆನಪಾಯಿತು. "ಪುಟ್ಟಿ, ಇವತ್ತು ನಿನ್ನ ಕ್ಲಾಸಲ್ಲೂ ಲೀಡರ್ ಎಲೆಕ್ಷನ್ ಇತ್ತಲ್ಲ?"

"ಎಲ್ಸಾ ಎದುರು ಒಂದೇ ವೋಟಲ್ಲಿ ಸೋತೆ," ಎಂದಳು ಸ್ವೀಡಿಷ್‌ನಲ್ಲಿ.

ಅವನ ಮುಖ ಕೆಂಪಾಯಿತು. "ನೋಡಿದ್ಯಾ ಆರತಿ? ಬಣ್ಣ ನೋಡಿ ನನ್ನ ಮಗಳನ್ನ ಸೋಲಿಸಿದ್ದಾರೆ. ಇದು ರೇಸಿಸಂ! ಸ್ಕೂಲಿಗೂ ಬರೀತೀನಿ, ಇಲ್ಲಿನ ಮುನ್ಸಿಪಾಲಿಟಿಗೂ ಬರೀತೀನಿ. ನಿಂಗೆ ಯಾರ್ ವೋಟ್ ಹಾಕ್ಲಿಲ್ಲ, ಹೆಸರು ಹೇಳು!"

ಯಾವಾಗಲೂ ಸ್ವೀಡಿಷ್‌ನಲ್ಲೇ ಉತ್ತರಿಸುವ ಹುಡುಗಿ ಈಗ ಕನ್ನಡದಲ್ಲಿ ಬಾಯಿ ತೆರೆದಳು. ಒಣಗಿದ ಹಿಟ್ಟು ತುಟಿಯ ಸುತ್ತ ಬಿರುಕುಬಿಟ್ಟು ಉದುರಿತು.

"ನಾನೇ ಹಾಕ್ಕೊಳ್ಲಿಲ್ಲ ಅಪ್ಪ. ಎಲ್ಸಾಗೆ ಹಾಕ್ದೆ. ಅವಳು ಬೆಳ್ಳಗಿದ್ದಾಳಲ್ಲ."