ಅರವತ್ತಕ್ಕೆ ಬಂದ ಫೋನು

ಇಂದುಮತಿಗೆ ಅರವತ್ತು ತುಂಬಿದ ದಿನ ಬೆಳಿಗ್ಗೆಯೇ ವಿಶ್ವವಿದ್ಯಾಲಯದ ಫೋನು ಬಂತು. ಓದಿದವರಿಗೆಲ್ಲ ಈ ವಯಸ್ಸಿಗೆ ಅದು ಬಂದೇ ಬರುತ್ತದೆ. ಇಪ್ಪತ್ತರ ಹುಡುಗಿ ಪರೀಕ್ಷೆಯಲ್ಲಿ ಗೆದ್ದಳೋ ಸೋತಳೋ ಎಂದು, ಅರವತ್ತಾದ ಅದೇ ಹುಡುಗಿಯನ್ನು ಕೇಳಿ ಫಲಕಕ್ಕೆ ಫಲಿತಾಂಶ ಹಚ್ಚುವುದು ಅಲ್ಲಿಯ ಪದ್ಧತಿ.

"ಅಮ್ಮಾರ, ನಾ ನಲವತ್ತು ವರ್ಷದ ಹಿಂದಿನ ಗುಮಾಸ್ತ ಮಾತಾಡೂದು. ಇಪ್ಪತ್ತರ ನೀವು ಇಲ್ಲೇ ಬೆಂಚಿನ ಮ್ಯಾಲೆ ಕುಂತೀರಿ. ಪಾಸೋ, ಫೇಲೋ, ಹೇಳಿಬಿಡ್ರಿ."

ಆ ಬೆಂಚು ಇಂದುಮತಿಗೆ ಚೆನ್ನಾಗಿ ನೆನಪಿತ್ತು. ಅಂದು ಅವಳು ಫೇಲಾಗಿದ್ದಳು. ಮನೆಯವರಿಗೆ ಮುಖ ತೋರಿಸಲಾರದೆ ಗದಗಿನಲ್ಲಿ ಹೊಲಿಗೆ ಕಲಿಯಲು ಸೇರಿದಳು. ಅಲ್ಲಿಗೆ ಮಷಿನ್ ರಿಪೇರಿಗೆ ಬರುತ್ತಿದ್ದ ಚನ್ನಬಸಪ್ಪ, ಕೆಡದ ಮಷಿನ್ನನ್ನೂ ಬಿಚ್ಚಿಟ್ಟುಕೊಂಡು ಕೂರತೊಡಗಿದ. ಈಗ ಅವನೇ ಒಲೆಯ ಮುಂದೆ ನಿಂತು ಹೆಂಡತಿಯ ಹುಟ್ಟುಹಬ್ಬಕ್ಕೆ ಶಿರಾ ತಿರುವುತ್ತಿದ್ದ.

"ಪಾಸ್ ಅಂದುಬಿಡು," ಎಂದ, ತಿರುಗಿ ನೋಡದೆ. "ಕಾಲೇಜಿನಾಗ ಮೇಡಂ ಆಗತಿದ್ದಿ. ನಾ ಯಾರಂತ ನಿನಗ ಗೊತ್ತ ಇರತಿರಲಿಲ್ಲ, ಅಷ್ಟ."

ನಗೆಯಾಡಿದಂತೆಯೇ ಹೇಳಿದ; ಆದರೆ ಬಾಣಲೆಯಲ್ಲಿ ಸೌಟು ನಿಂತುಬಿಟ್ಟಿತ್ತು.

"ಸುಮ್ನ ತಿರುವ್ರಿ, ತಳ ಹತ್ತತೈತಿ," ಎಂದು ಗಂಡನನ್ನು ಗದರಿ, ಇಂದುಮತಿ ಫೋನಿಗೆ ಹೇಳಿದಳು, "ಫೇಲ್ ಮಾಡ್ರಿ."

ಗುಮಾಸ್ತ ಆಚೆ ಅದನ್ನೇ ಕೂಗಿ ಹೇಳಿದ್ದು ಕೇಳಿಸಿತು. ಹಿಂದೆಯೇ ಹುಡುಗಿಯೊಬ್ಬಳ ಅಳು. "ಎಂಥಾ ಕೆಟ್ಟ ಮುದುಕಿ ಅದಾಳರೀ ಅಕಿ! ನನ್ನ ಜೀವನಾನ ಹಾಳ ಮಾಡಿದ್ಲು!"

ಇಂದುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೈ ನನ್ನವ್ವ, ಬೈ," ಎಂದಳು ಮೆಲ್ಲಗೆ. "ಬೇಕಾದಷ್ಟು ಬೈ. ನಾ ಸಿಟ್ಟಾಗೂದಿಲ್ಲ."