ಒಂದು ಹೋಳು ಬದನೆಕಾಯಿ

ಸಿಸೇರಿಯನ್ ಆದ ಐದನೇ ದಿನ ಬಾಣಂತಿಯ ಹೊಲಿಗೆಯಲ್ಲಿ ಕೀವು ಕಾಣಿಸಿತು. ವಾರ್ಡಿನ ಬಾಗಿಲಲ್ಲೇ ಅವಳ ತಾಯಿ ನರ್ಸಿನ ಕೈ ಹಿಡಿದುಕೊಂಡು ಅಳತೊಡಗಿದಳು.

"ನನ್ನಿಂದಲೇ ಆಯ್ತು ಸಿಸ್ಟರ್. ಬಾಯಿ ಕೆಟ್ಟುಹೋಗಿದೆ ಅಂತ ಗೋಗರೆದಳು. ಒಂದೇ ಒಂದು ಹೋಳು ಬದನೆಕಾಯಿ ಕೊಟ್ಟುಬಿಟ್ಟೆ. ನಂಜಾಯ್ತು."

ನರ್ಸು ಮೊನ್ನೆ ಪಕ್ಕದ ಮಂಚದವಳ ಕೀವು ಒರೆಸಿದ ಕೈಯಲ್ಲೇ, ತೊಳೆಯದೆ, ಈ ಹುಡುಗಿಯ ಬ್ಯಾಂಡೇಜು ಬಿಚ್ಚಿದ್ದಳು. ನಲ್ಲಿಯೇನು ಊರಾಚೆ ಇರಲಿಲ್ಲ, ಹತ್ತೇ ಹೆಜ್ಜೆ. ಹೇಳಿಬಿಡೋಣ ಅಂತ ಬಾಯಿ ತೆರೆದಳು.

"ಅಳಿಯಂದಿರಿಗೆ ಯಾವ ಮುಖ ತೋರಿಸಲಿ? ನಿಜ ಹೇಳಿ ಸಿಸ್ಟರ್, ಬದನೆಕಾಯಿಯಿಂದಲೇ ಆಗಿದ್ದು ತಾನೇ?"

ನರ್ಸು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಆದದ್ದು ಆಯ್ತಮ್ಮ. ಇನ್ನು ಮೇಲೆ ಕೊಡಬೇಡಿ."