ಹದಿನೇಳನೇ ಸಾಲು

ಐದನೇ ತರಗತಿಯ ಕಲಿಕಾ ಫಲಗಳ ದಾಖಲೆ ಪುಸ್ತಕ ತೆರೆದವರೇ ತಪಾಸಣೆಗೆ ಬಂದ ಸಾಹೇಬರು ಮನಸೋತುಬಿಟ್ಟರು. ಬೆಳಗಿನಿಂದ ಮೂರು ಶಾಲೆಗಳಲ್ಲಿ ಕಾಗೆ ಕಾಲು ಗುಬ್ಬಿ ಕಾಲು ನೋಡಿ ಅವರಿಗೆ ತಲೆ ಚಿಟ್ಟು ಹಿಡಿದಿತ್ತು. ಇಲ್ಲಿ ನೋಡಿದರೆ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಭಿನ್ನರಾಶಿ ಕೂಡುವುದು, ನಕ್ಷೆ ಓದುವುದು, ಅಂಜದೆ ಪ್ರಶ್ನೆ ಕೇಳುವುದು, ಎಲ್ಲದರ ಮುಂದೆಯೂ 'ಕಲಿತಿದೆ' ಎಂದಿತ್ತು. ಮಕ್ಕಳನ್ನು ಕೇಳಿ ನೋಡುವ ಗೋಜಿಗೆ ಸಾಹೇಬರು ಹೋಗಲಿಲ್ಲ. ಪುಸ್ತಕವೇ ಅಷ್ಟು ಚೆನ್ನಾಗಿ ಉತ್ತರ ಹೇಳುತ್ತಿತ್ತು.

ಹದಿನೇಳನೇ ಸಾಲು ಮಾತ್ರ ಕಣ್ಣಿಗೆ ಚುಚ್ಚಿತು. ಕಸ್ತೂರಿ ಬಡಿಗೇರ, ಎಲ್ಲ ವಿಷಯಕ್ಕೂ 'ಕಲಿತಿಲ್ಲ'.

"ಇಷ್ಟು ಛಲೋ ಸಾಲ್ಯಾಗ ಈ ಹುಡುಗಿ ಒಬ್ಬಾಕಿ ಯಾಕ ಹಿಂಗ? ಕರೀರಿ ಆಕೀನ."

ಹೆಡ್‌ಮಾಸ್ತರರು ಸುಮ್ಮಸುಮ್ಮನೆ ಕೆಮ್ಮಿದರು. ಹುಡುಗಿ ಬಂದು ನಿಂತಳು.

"ಯಾಕವಾ, ಏನೂ ಕಲ್ತಿಲ್ಲೇನು?" ಎಂದರು ಸಾಹೇಬರು.

"ಜೂನ್‌ದಿಂದ ಕ್ಲಾಸಿನ್ಯಾಗ ಕುಂತೇ ಇಲ್ರಿ ಸರ."

"ಮತ್ತ ಎಲ್ಲಿದ್ದಿ?"

"ಇಲ್ಲೇ ಆಫೀಸಿನ್ಯಾಗರಿ. ನನ್ನ ಅಕ್ಷರ ಛಂದ ಅದಾವಂತ ಹೆಡ್‌ಮಾಸ್ತರ್ರು ಈ ಬುಕ್ಕು ಬರಿಯಾಕ ಕುಂದ್ರಿಸ್ಯಾರ. ಉಳಿದವ್ರದೆಲ್ಲ ಅವ್ರು ಹೇಳಿದಂಗ ಬರದೇನ್ರಿ. ನಂದಷ್ಟ ನನಗ ಗೊತ್ತಿತ್ತಲ್ರಿ, ಅದನ್ನ ಖರೇ ಬರದೇನಿ."

ಸಾಹೇಬರು ಪುಸ್ತಕದ ಅಕ್ಷರಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. ಆಮೇಲೆ ಬ್ಯಾಗಿನ ಜಿಪ್ಪು ಎಳೆದು, ಜಿಲ್ಲೆಗೆ ಕಳಿಸಬೇಕಾಗಿದ್ದ ಇಡೀ ತಾಲ್ಲೂಕಿನ ಖಾಲಿ ದಾಖಲೆ ಪುಸ್ತಕ ತೆಗೆದು ಅವಳ ಮುಂದಿಟ್ಟರು.

"ಸೋಮವಾರದೊಳಗ ಇದನ್ನೂ ಬರದು ಕೊಡವಾ."